ಶಪಥಪ್ಪ ಮೌಸು ಕೊಂಡದ್ದು

ಅವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಸಂಬಳದ ದಿನ ಬಿಟ್ಟರೆ ಇನ್ನಾವತ್ತೂ ಆ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲರಿಗೂ ಅವನು ಶಪಥಪ್ಪ. ಮಾತೆತ್ತಿದರೆ ಶಪಥ. ಇನ್ನು ಜನ್ಮದಲ್ಲಿ ಲಿಫ್ಟು ಹತ್ತುವುದಿಲ್ಲ ಎಂದು ಒಮ್ಮೆ ಶಪಥ ಮಾಡಿ, ಆವೇಶದಲ್ಲಿ ಮೂರನೇ ಮಹಡಿಯವರೆಗೆ ಮೆಟ್ಟಿಲು ಹತ್ತಿ, ತನ್ನ ಕಚೇರಿ ಇರುವುದು ಎರಡನೆಯದರಲ್ಲಿ ಎಂದು ಅಲ್ಲಿ ಹೊಳೆದು, ಏದುಸಿರು ಬಿಡುತ್ತ ಇಳಿದು ಬಂದವನು. ಹಿಡಿದ ಶಪಥ ಬಿಡುವ ಜಾತಿಯಲ್ಲ. ಯಾಕೆ ಹಿಡಿದೆ ಎಂಬುದು ಮಾತ್ರ ನಡುವೆ ಎಲ್ಲೋ ಜಾರಿಹೋಗುತ್ತಿತ್ತು.

ಈ ಸಲದ ಶಪಥಕ್ಕೆ ಕಾರಣ ಅತ್ತೆ.

ಅತ್ತೆಗೆ ಮಂಡಿಯ ಆಪರೇಷನ್ ಆಗಿತ್ತು. ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳಲು ಬಂದಿದ್ದರು. ಬೆಳಿಗ್ಗೆ ಸಂಜೆ ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿ, ಮಿಕ್ಕ ಹೊತ್ತು ಕೂತಿರಿ ಎಂದು ಡಾಕ್ಟರು ಹೇಳಿದ್ದರು. ಕೂತು ಕೂತು ಬೇಸರ ಬಂದು, ಹಜಾರದ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತರು. ಅದರಲ್ಲಿ ಒಂದು ಆಟ ಇತ್ತು. ಲಾರಿ ತುಂಬ ಕುಂಬಳಕಾಯಿ ಹೇರಿಕೊಂಡು ಘಟ್ಟ ಇಳಿದು ಸಂತೆಗೆ ಮುಟ್ಟಿಸಬೇಕು. ದಾರಿಯುದ್ದಕ್ಕೂ ಕೋತಿಗಳು ಲಾರಿ ಹತ್ತಿ ಕಾಯಿ ಕದಿಯುತ್ತವೆ. ಎಡಗೈಯಲ್ಲಿ ಕೀಬೋರ್ಡಿನ ಗುಂಡಿ ಒತ್ತಿ ಲಾರಿ ಓಡಿಸುತ್ತ, ಬಲಗೈಯಲ್ಲಿ ಮೌಸು ತಿರುಗಿಸಿ ಕೋತಿ ಓಡಿಸಬೇಕು. ಸಂತೆಯಲ್ಲಿ ಯಾರ ಲಾರಿಯಲ್ಲಿ ಹೆಚ್ಚು ಕಾಯಿ ಉಳಿದಿದೆಯೋ ಅವರು ಗೆದ್ದ ಹಾಗೆ.

ಶಪಥಪ್ಪ ಈ ಆಟದಲ್ಲಿ ತನ್ನನ್ನು ತಾನು ನಿಪುಣ ಎಂದುಕೊಂಡಿದ್ದ. ಹಾಗೆ ಅಂದುಕೊಳ್ಳಲು ಅಡ್ಡಿಯೇನೂ ಇರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಆಡುತ್ತಿರಲಿಲ್ಲ. ಅತ್ತೆಗೆ ತಾನೇ ಕೂತು ಕಲಿಸಿಕೊಟ್ಟ. "ಭಯಪಡಬೇಡಿ ಅತ್ತೆ, ನಿಧಾನಕ್ಕೆ ಬರುತ್ತೆ," ಎಂದ. ನಿಧಾನಕ್ಕೇನೂ ಬರಲಿಲ್ಲ. ವಾರ ಕಳೆಯುವುದರೊಳಗೆ ಅತ್ತೆಯ ಲಾರಿ ಒಂದೆರಡು ಕಾಯಿ ಬಿಟ್ಟರೆ ತುಂಬಿದ ಹಾಗೇ ಸಂತೆ ಸೇರತೊಡಗಿತು. ಅಳಿಯನ ಲಾರಿಯಲ್ಲಿ ಕಾಯಿಗಿಂತ ಕೋತಿಗಳೇ ಹೆಚ್ಚು ಬಂದಿಳಿಯುತ್ತಿದ್ದವು.

"ಈ ಮೌಸೇ ಸರಿ ಇಲ್ಲ," ಎಂದ ಒಂದು ಸಂಜೆ, ಬೆವರು ಒರೆಸಿಕೊಳ್ಳುತ್ತ. "ಕೈಗೆ ಕೂರಲ್ಲ. ಕೀಬೋರ್ಡು ಬೇರೆ ಕಲ್ಲು ಒತ್ತಿದ ಹಾಗೆ ಒತ್ತಬೇಕು."

"ನಾನೂ ಅದೇ ಮೌಸಲ್ಲಿ ಅಲ್ವಾ ಆಡಿದ್ದು, ಅಳಿಯಂದ್ರೇ?" ಎಂದರು ಅತ್ತೆ, ಬಹಳ ಮರ್ಯಾದೆಯಿಂದ.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಶಪಥಪ್ಪ ಎದ್ದು ನಿಂತ. ಅವನು ಎದ್ದು ನಿಂತರೆ ಮನೆಯವರಿಗೆ ಗೊತ್ತು. "ನನ್ನ ಕೈಗೆ ಅಳತೆ ಮಾಡಿದ ಹಾಗೆ ಕೂರೋ ಮೌಸು, ಕೀಬೋರ್ಡು ತರ್ತೀನಿ. ತಂದು ಅತ್ತೇನ ಸೋಲಿಸ್ತೀನಿ. ಇಲ್ಲದಿದ್ರೆ ಈ ಕಂಪ್ಯೂಟರ್ ಮುಟ್ಟಿದ್ರೆ ಕೇಳಿ!"

"ಶುಭವಾಗಲಿ," ಎಂದರು ಅತ್ತೆ. ಅವರ ಕಣ್ಣು ಆಗಲೇ ಮುಂದಿನ ಲಾರಿಯ ಮೇಲಿತ್ತು.

ಮಾರನೇ ದಿನ ಕಚೇರಿಯಿಂದ ನೇರ ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೋದ. ಅಂಗಡಿ ನಡೆಸುತ್ತಿದ್ದವಳು ಚುರುಕಾದ ಹೆಂಗಸು, ಮೂಗಿನ ತುದಿಗೆ ಕನ್ನಡಕ, ಹೆಗಲ ಮೇಲೆ ಒಂದು ವೈರು.

"ಒಳ್ಳೇ ಮೌಸು ಒಂದು ಕೊಡಿ," ಎಂದ.

"ಯಾರ ಕೈಗೆ ಸರ್?"

"ನನ್ನ ಕೈಗೇ."

"ತೋರಿಸಿ." ಅವನ ಬಲಗೈಯನ್ನು ಜ್ಯೋತಿಷಿಯ ಹಾಗೆ ತಿರುಗಿಸಿ ನೋಡಿದಳು. "ಮೌಸು ಅಂದ್ರೆ ಚಪ್ಪಲಿ ಇದ್ದ ಹಾಗೆ ಸರ್. ಚೆಂದ ಕಂಡಿದ್ದು ತಗೊಂಡ್ರೆ ಕಚ್ಚುತ್ತೆ. ನಿಮ್ಮದು ಅಗಲ ಅಂಗೈ, ಗಿಡ್ಡ ಬೆರಳು. ಕೆಲವರು ಅಂಗೈ ಪೂರ್ತಿ ಮೌಸಿನ ಮೇಲೆ ಹಾಸ್ತಾರೆ. ಕೆಲವರು ಬೆರಳು ಮಡಿಸಿ ಪಂಜ ಹಾಕಿದ ಹಾಗೆ ಹಿಡೀತಾರೆ. ಇನ್ನು ಕೆಲವರು ಬರೀ ಬೆರಳ ತುದೀಲಿ ಆಡಿಸ್ತಾರೆ. ನೀವು ಹ್ಯಾಗೆ ಹಿಡೀತೀರಿ?"

ಶಪಥಪ್ಪ ಗಾಳಿಯಲ್ಲಿ ಹಿಡಿದು ತೋರಿಸಿದ. ಮೊದಲು ಅಂಗೈ ಹಾಸಿದ, ಆಮೇಲೆ ಪಂಜ ಮಾಡಿದ, ಕೊನೆಗೆ ಬೆರಳುಗಳು ತಮ್ಮಷ್ಟಕ್ಕೆ ತಾವು ಎಲ್ಲೆಲ್ಲೋ ಹೋದವು.

"ನಿಮಗೇ ಗೊತ್ತಿಲ್ಲ," ಎಂದಳು ಅವಳು ಕನಿಕರದಿಂದ. "ನಾಲ್ಕು ದಿನ ಗಮನ ಇಟ್ಟು ನೋಡಿ, ಕೈ ತಾನಾಗಿ ಯಾವ ಆಕಾರದಲ್ಲಿ ಕೂರುತ್ತೆ ಅಂತ. ಆಮೇಲೆ ಬನ್ನಿ."

ಬೇರೆ ಯಾರಾದರೂ ಆಗಿದ್ದರೆ ಮೌಸು ಹಿಡಿದಾಗ ಒಂದು ಗಳಿಗೆ ಕೈಯ ಕಡೆ ನೋಡಿ ಸುಮ್ಮನಾಗುತ್ತಿದ್ದರು. ಶಪಥಪ್ಪ ಹಾಗಲ್ಲ. ಪಂಜದ ಹಿಡಿತವೇ ತನ್ನದು ಎಂದು ಅಂದು ಸಂಜೆಯೇ ತೀರ್ಮಾನಿಸಿ, ಅದನ್ನು ದಿನವಿಡೀ ಪರೀಕ್ಷೆಗೆ ಹಚ್ಚಿದ. ಐದೂ ಬೆರಳು ಮಡಿಸಿ, ಮಣಿಕಟ್ಟು ಕೊಂಚ ಮೇಲೆತ್ತಿ, ಕೈಯನ್ನು ಕಾಣದ ಮೌಸಿನ ಮೇಲೆ ಇಟ್ಟ ಹಾಗೆ ಇಟ್ಟುಕೊಂಡು ಓಡಾಡತೊಡಗಿದ. ಬಸ್ಸಿನಲ್ಲಿ ತೊಡೆಯ ಮೇಲೆ ಹಾಗೇ, ಲೋಟ ಎತ್ತುವಾಗ ಎಡಗೈ, ಬಾಗಿಲು ತೆಗೆಯುವಾಗ ಎಡಗೈ.

ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್ಮಾಸ್ತರೊಬ್ಬರಿದ್ದರು. ಬೆಳಗಾದರೆ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತು, ಬೀದಿಯಲ್ಲಿ ಹೋಗುವವರ ಹಾಜರಿ ತೆಗೆದುಕೊಳ್ಳುವುದು ಅವರ ಕೆಲಸ. ಶಪಥಪ್ಪ ಎಡಗೈಯಲ್ಲಿ ನಮಸ್ಕಾರ ಮಾಡಿದ್ದನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದರು.

"ಏನಪ್ಪಾ, ಬಲಗೈಗೆ ಏನಾಯ್ತು?"

ಅತ್ತೆಯನ್ನು ಕುಂಬಳಕಾಯಿ ಆಟದಲ್ಲಿ ಸೋಲಿಸಲು ಅಭ್ಯಾಸ ಮಾಡುತ್ತಿದ್ದೇನೆ ಎಂದು ನಿವೃತ್ತ ಹೆಡ್ಮಾಸ್ತರ ಮುಂದೆ ಹೇಳಲು ಯಾವ ಗಂಡಸಿಗೆ ಬಾಯಿ ಬರುತ್ತದೆ? ಶಪಥಪ್ಪ ತಡವರಿಸಿದ. "ಏನಿಲ್ಲ ಮೇಷ್ಟ್ರೇ. ಆಫೀಸಲ್ಲಿ ಕಂಪ್ಯೂಟರ್ ಕೆಲಸ ಜಾಸ್ತಿ. ಕೈ ಸ್ವಲ್ಪ ಹೀಗೇ ನಿಂತುಬಿಟ್ಟಿದೆ."

ಹೀಗೇ ನಿಂತುಬಿಟ್ಟಿದೆ. ಈ ಒಂದು ಮಾತು ಅವನ ಬಾಯಿಂದ ಹೊರಟು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮೈ ತುಂಬಿಕೊಂಡಿತು. ತರಕಾರಿ ಅಂಗಡಿಯಲ್ಲಿ ಅದು "ಬಲಗೈ ಬಿದ್ದುಹೋಗಿದೆಯಂತೆ" ಆಯಿತು. ಕ್ಷೌರದ ಅಂಗಡಿಯಲ್ಲಿ "ಲಕ್ವ ಹೊಡೆದಿದೆ, ಬಾಯೂ ಸ್ವಲ್ಪ ಸೊಟ್ಟಗಾಗಿದೆ" ಆಯಿತು. ಅಷ್ಟು ಸಾಲದು ಎಂಬಂತೆ ಹೆಡ್ಮಾಸ್ತರು ತಮ್ಮ ಹಳೇ ಶಿಷ್ಯನಿಗೆ ಫೋನು ಹಚ್ಚಿದರು. ಆ ಶಿಷ್ಯ ಬೇರೆ ಯಾರೂ ಅಲ್ಲ, ಶಪಥಪ್ಪನ ಕಚೇರಿಯ ನೌಕರರ ಸಂಘದ ಕಾರ್ಯದರ್ಶಿ. ಅವನಿಗೆ ಮೈಕಣ್ಣ ಎಂದು ಅಡ್ಡಹೆಸರು. ಗುಟ್ಟು ಹೇಳಿದರೂ ಎರಡು ಮಹಡಿಗೆ ಕೇಳಿಸುವಂಥ ಕಂಠ.

ಶಪಥಪ್ಪ ಕಚೇರಿ ಸೇರುವ ಹೊತ್ತಿಗೆ ಮೈಕಣ್ಣ ಅವನ ಮೇಜಿನ ಬಳಿ ನಿಂತಿದ್ದ.

"ಅಣ್ಣಾ! ಕೈ ತೋರಿಸು!"

ಶಪಥಪ್ಪನ ಕೈ ಅಭ್ಯಾಸಬಲದಿಂದ ಪಂಜವಾಗಿಯೇ ಇತ್ತು. ಮೈಕಣ್ಣ ಅದನ್ನು ಎತ್ತಿ ಹಿಡಿದು ಇಡೀ ವಿಭಾಗಕ್ಕೆ ತೋರಿಸಿದ. "ನೋಡಿ ಬಂಧುಗಳೇ! ಊರಿನ ನಲ್ಲಿ ದೂರೆಲ್ಲ ಬರೆದುಕೊಂಡ ಕೈ! ಇವತ್ತು ಮೌಸಿನ ಆಕಾರಕ್ಕೇ ಕಲ್ಲಾಗಿ ನಿಂತಿದೆ!"

"ಅಲ್ಲಪ್ಪಾ, ಇದು ನಾನೇ..." ಎಂದು ಶಪಥಪ್ಪ ಶುರುಮಾಡಿದ.

"ಮಾತಾಡಬೇಡ ಅಣ್ಣಾ, ದಣೀತೀಯ."

ಅವನು ನಿಜ ಹೇಳಿಯೇ ಬಿಡುತ್ತಿದ್ದ. ಅಷ್ಟರಲ್ಲಿ ಪಕ್ಕದ ಮೇಜಿನ ಟೈಪಿಸ್ಟಮ್ಮ ತಮ್ಮ ಕೈ ಮುಂದೆ ಚಾಚಿದರು. ಮಾತು ಕಡಿಮೆಯ ಹೆಂಗಸು. "ನನಗೂ ಮಣಿಕಟ್ಟು ನೋಯುತ್ತೆ. ಮನೇಲಿ ಒದ್ದೆ ಬಟ್ಟೆ ಹಿಂಡೋಕಾಗಲ್ಲ. ಹೇಳಿದ್ರೆ ಯಾರೇನು ಮಾಡ್ತಾರೆ ಅಂತ ಸುಮ್ಮನಿದ್ದೆ," ಎಂದರು. ಆ ಕಡೆಯಿಂದ ರವಾನೆ ವಿಭಾಗದವನು ಹೆಬ್ಬೆರಳು ತೋರಿಸಿದ. ಬಿಲ್ಲಿನವನು ಭುಜ ಹಿಡಿದುಕೊಂಡು ಬಂದ. ನೋಡನೋಡುತ್ತ ಶಪಥಪ್ಪನ ಸುತ್ತ ನೋಯುವ ಕೈಗಳ ಜಾತ್ರೆಯೇ ನೆರೆಯಿತು. ಇಷ್ಟು ನಿಜವಾದ ನೋವುಗಳ ನಡುವೆ ತನ್ನದೊಂದು ಸುಳ್ಳು ಎಂದು ಹೇಳುವುದು ಹೇಗೆ? ಅವನು ಬಾಯಿ ಮುಚ್ಚಿದ. ಬಾಯಿ ಮುಚ್ಚಿದವನು ಕೈಯನ್ನಾದರೂ ಬಿಚ್ಚಬಹುದಿತ್ತು, ಅದಕ್ಕೂ ಧೈರ್ಯ ಬರಲಿಲ್ಲ.

ಗಲಾಟೆ ಕೇಳಿ ಸಾಹೇಬರು ಕೋಣೆಯಿಂದ ಹೊರಗೆ ಬಂದರು. ನಗುವುದನ್ನು ಅವರು ಖರ್ಚಿನ ಬಾಬತ್ತು ಎಂದು ತಿಳಿದವರು. ಪಂಜವನ್ನು ನೋಡಿದರು. ಮುಖ ಇಳಿಯಿತು.

"ಯಾವಾಗಿಂದ ಹೀಗೆ?"

"ಮೊನ್ನೆಯಿಂದ ಸಾರ್," ಎಂದ ಶಪಥಪ್ಪ. ಅದು ನಿಜವೇ ಆಗಿತ್ತು.

"ಮನೆಗೆ ಹೋಗಿ. ಕೈ ನೆಟ್ಟಗಾಗೋ ತನಕ ಈ ಕಡೆ ತಲೆ ಹಾಕಬೇಡಿ. ನಾನೇ ಬಂದು ನೋಡ್ತೀನಿ."

"ಅದರ ಅಗತ್ಯ ಇಲ್ಲ ಸಾರ್," ಎಂದ ಶಪಥಪ್ಪ ಗಾಬರಿಯಿಂದ.

"ಎಂಥ ವಿನಯ!" ಎಂದು ಮೈಕಣ್ಣ ಕಣ್ಣೊರೆಸಿಕೊಂಡ. "ಸಾರ್, ಸೋಮವಾರ ಧರಣಿ. ಎಲ್ಲರಿಗೂ ಒಳ್ಳೇ ಮೌಸು, ಒಳ್ಳೇ ಕೀಬೋರ್ಡು ಬರೋವರೆಗೂ ಏಳಲ್ಲ. ಈ ಕೈ ಮೇಲಾಣೆ!"

ತನ್ನ ಕೈಯ ಮೇಲೆ ಬೇರೆಯವರು ಆಣೆ ಇಡುವುದನ್ನು ಶಪಥಪ್ಪ ಮೊದಲ ಸಲ ಕಂಡದ್ದು.  ಆದರೂ ಒಂದು ಮಾತು ಹೇಳಲೇಬೇಕು: ಮೆಟ್ಟಿಲು ಇಳಿಯುವಾಗ ಅವನ ತಲೆಗೆ ಹೊಳೆದದ್ದು ಪಶ್ಚಾತ್ತಾಪವಲ್ಲ. ಅಂಗಡಿಯಲ್ಲಿ ನಿಂತು ನಿಧಾನವಾಗಿ ಆರಿಸಲು ಪುರುಸೊತ್ತು ಸಿಕ್ಕಿತಲ್ಲ ಎಂಬ ಸಮಾಧಾನ.

"ಪಂಜದ ಹಿಡಿತ," ಎಂದು ಅಂಗಡಿಯ ಮುಂದೆ ನಿಂತು ಘೋಷಿಸಿದ.

ಅಂಗಡಿಯವಳು ಒಂದು ಮೌಸು ಕೊಟ್ಟಳು. ಆಡಿಸಿ ನೋಡಿದ. ಅವಳು ತಲೆಯಾಡಿಸಿದಳು. "ನಿಮ್ಮದು ಪಂಜ ಅಲ್ಲವೇ ಅಲ್ಲ ಸರ್. ನೋಡಿ, ಮರೆತ ತಕ್ಷಣ ಅಂಗೈ ಹಾಸ್ತಾ ಇದ್ದೀರಿ."

ಶಪಥಪ್ಪ ಕೈ ನೋಡಿಕೊಂಡ. ಹೌದು. ಅದು ಬೆಕ್ಕು ಮಲಗಿದ ಹಾಗೆ ಮೌಸಿನ ಮೇಲೆ ಆರಾಮವಾಗಿ ಮಲಗಿತ್ತು. ಇಷ್ಟು ದಿನ ಪಂಜ ಹಿಡಿದು ಊರೆಲ್ಲ ಲಕ್ವ ಎನಿಸಿಕೊಂಡದ್ದೂ ವ್ಯರ್ಥ.

ಅಂದು ಅವನು ಆ ಅಂಗಡಿಯಲ್ಲಿ ಮುಟ್ಟದ ಮೌಸಿಲ್ಲ. ಬಣ್ಣಬಣ್ಣದ ದೀಪ ಉರಿಯುವ ಒಂದನ್ನು ಎತ್ತಿಕೊಂಡಾಗ ಅವಳು ತಡೆದಳು. "ದೀಪ ಕಣ್ಣಿಗೆ ಸರ್, ಕೈಗಲ್ಲ." ಪಕ್ಕದಲ್ಲಿ ಹತ್ತಾರು ಗುಂಡಿ ಇದ್ದ ಇನ್ನೊಂದನ್ನು ಎತ್ತಿಕೊಂಡ. "ಇಷ್ಟು ಗುಂಡಿ ಒತ್ತೋಕೆ ನಿಮಗೆಷ್ಟು ಹೆಬ್ಬೆರಳಿದೆ?" ಎಂದಳು. ಹಾಗೆ ಬೇಡದ್ದನ್ನೆಲ್ಲ ಕಳೆಯುತ್ತ ಹೋಗಿ ಕೊನೆಗೆ ಉಳಿದದ್ದು ಹಿಂಭಾಗ ಉಬ್ಬಿದ, ಅಂಗೈ ತುಂಬುವ, ಹಗುರವಾದ ಒಂದು ಬೂದು ಬಣ್ಣದ ಮೌಸು. ನೋಡಲು ಏನೂ ಚೆಂದವಿಲ್ಲ. ಅದನ್ನು ಹಿಡಿದು ಶಪಥಪ್ಪ ಕಣ್ಣುಮುಚ್ಚಿ ಕೋತಿಗಳನ್ನು ನೆನೆದುಕೊಂಡ. "ಹುಶ್! ಹುಶ್! ಆಚೆ! ಮೇಲೆ ಒಂದು! ಹುಶ್!" ಪಕ್ಕದಲ್ಲಿ ಚಾರ್ಜರ್ ನೋಡುತ್ತಿದ್ದ ಗಿರಾಕಿ ಅದನ್ನು ಅಲ್ಲೇ ಇಟ್ಟು ಹೊರಟುಹೋದ.

ಕೀಬೋರ್ಡಿನ ವಿಷಯದಲ್ಲಿ ಜಗಳವೇ ಆಯಿತು. ಶಪಥಪ್ಪನಿಗೆ ದೊಡ್ಡದೇ ಬೇಕು, ಹಿಂದಿನ ಕಾಲುಗಳನ್ನು ಎತ್ತಿ ನಿಲ್ಲಿಸಬೇಕು, ಒತ್ತಿದರೆ ಟಕಟಕ ಸದ್ದು ಬರಬೇಕು.

"ಕಾಲು ಮಡಿಸಿ ಸರ್. ಎತ್ತಿದಷ್ಟೂ ಮಣಿಕಟ್ಟು ಹಿಂದಕ್ಕೆ ಬಾಗುತ್ತೆ, ನೋವು ಬರೋದೇ ಅಲ್ಲಿಂದ. ಟೈಪ್ ಮಾಡುವಾಗ ಮಣಿಕಟ್ಟು ನೆಟ್ಟಗಿರಬೇಕು. ಮನೇಲಿ ದಿನವಿಡೀ ಲೆಕ್ಕ ಹಾಕ್ತೀರಾ?"

"ಇಲ್ಲ."

"ಹಾಗಾದ್ರೆ ಬಲಗಡೆ ಅಂಕಿಗಳ ಗುಂಪು ಇಲ್ಲದ ಸಣ್ಣದು ತಗೊಳ್ಳಿ. ಆ ಅಂಕಿ ಗುಂಪು ಇದ್ರೆ ಮೌಸು ಆಚೆ ಸರಿಯುತ್ತೆ, ತೋಳು ಹೊರಗೆ ಚಾಚಬೇಕು, ಸಂಜೆ ಹೊತ್ತಿಗೆ ಭುಜ ಹಿಡಿಯುತ್ತೆ. ಸದ್ದು ನಿಮ್ಮಿಷ್ಟ. ಆದ್ರೆ ಮನೇಲಿ ಬೇರೆಯವರೂ ಇದ್ದಾರೆ ತಾನೇ?"

ಹೆಂಡತಿಯ ಮುಖ ಕಣ್ಮುಂದೆ ಬಂತು. ಮೆತ್ತಗೆ ಒತ್ತಿದರೆ ಸಾಕಾಗುವ, ಸದ್ದು ಮಾಡದ ಸಣ್ಣ ಕೀಬೋರ್ಡನ್ನೇ ಕಟ್ಟಿಸಿಕೊಂಡು ಹೊರಟ.

ಹೆಂಡತಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಅಂದು ಮಧ್ಯಾಹ್ನ ಅವಳ ಕಿಟಕಿಯ ಮುಂದೆ ನಿಂತ ಹೆಂಗಸೊಬ್ಬಳು ದುಡ್ಡು ಎಣಿಸಿಕೊಳ್ಳುವುದು ಬಿಟ್ಟು ಅವಳ ಕೈ ಹಿಡಿದುಕೊಂಡಳು. "ಧೈರ್ಯ ತಗೋ ತಾಯಿ, ಯಜಮಾನರಿಗೆ ಗುಣ ಆಗುತ್ತೆ. ನನ್ನ ಭಾವನಿಗೂ ಹೀಗೇ ಬಲಭಾಗ ಪೂರ್ತಿ ಹೋಗಿತ್ತು. ಎಡಗೈಲಿ ಊಟ ಮಾಡೋದು ಕಲಿತರು." ಯಾರ ಭಾವ, ಯಾವ ಭಾಗ ಎಂದು ಅರ್ಥವಾಗುವ ಮೊದಲೇ ಹೆಂಡತಿ ಕಿಟಕಿ ಮುಚ್ಚಿ, ರಜೆ ಹಾಕಿ, ಆಟೋ ಹಿಡಿದು ಮನೆಗೆ ಓಡಿಬಂದಳು. ಬಾಗಿಲು ತೆಗೆದರೆ ಗಂಡ ಕಂಪ್ಯೂಟರಿನ ಮುಂದೆ ಎರಡೂ ಕೈ ಆಡಿಸುತ್ತ "ಹುಶ್!" ಎನ್ನುತ್ತಿದ್ದ. ಪಕ್ಕದಲ್ಲಿ ಅಮ್ಮ, "ಎಡಕ್ಕೆ ನೋಡಿ ಅಳಿಯಂದ್ರೇ, ದೊಡ್ಡ ಕೋತಿ," ಎನ್ನುತ್ತಿದ್ದರು.

ಅವಳು ಅಲ್ಲೇ ಕುಸಿದು ಕೂತು, ಅತ್ತು, ಆಮೇಲೆ ಬಯ್ಯಲು ಶುರುಮಾಡಿದಳು. ಆ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಅದರಲ್ಲಿ ಅವಳ ಅಮ್ಮನ ಪಾಲೂ ಇತ್ತು.

"ಬಿಡೇ, ಸೋಮವಾರ ಹೋಗಿ ಎಲ್ಲ ನಿಜ ಹೇಳ್ತೀನಿ," ಎಂದ ಶಪಥಪ್ಪ. "ಶಪಥ."

"ರೀ, ಇನ್ನೊಂದು ಸಲ ಆ ಮಾತು ನನ್ನ ಮುಂದೆ ಆಡಬೇಡಿ."

ಹೊಸ ಮೌಸಿನಿಂದ ಅವನ ಆಟ ಸುಧಾರಿಸಿತು ಎಂಬುದನ್ನು ಒಪ್ಪಲೇಬೇಕು. ಕೋತಿಗಳು ಕಡಿಮೆಯಾದವು, ಕಾಯಿಗಳು ಹೆಚ್ಚಾದವು. ಆದರೆ ಅತ್ತೆ ಪ್ರತಿ ಸಲವೂ ಒಂದು ಕೈ ಮೇಲೆಯೇ. ಅವರು ಹೊಸ ಮೌಸನ್ನು ಮುಟ್ಟಲೂ ಇಲ್ಲ. "ನನ್ನ ಕೈ ಸಣ್ಣದು, ನನಗೆ ಆ ಹಳೇದೇ ಆಗುತ್ತೆ," ಎಂದು ತಮ್ಮ ಸರದಿ ಬಂದಾಗ ಅದನ್ನೇ ಚುಚ್ಚಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದೇ ಇತ್ತು. ಶಪಥಪ್ಪ ಘಟ್ಟದ ಕಡಿದಾದ ತಿರುವಿನಲ್ಲಿದ್ದ. "ಬಾರೋ ಮಂಗ್ಯಾ, ಬಾ! ಇವತ್ತು ನಿನ್ನ ಬಾಲ ಮುರಿದು ಕೈಗೆ ಕೊಡ್ತೀನಿ!" ಎಂದು ಕೂಗಿ, ಬಲಗೈಯನ್ನು ಗಿರ್ರನೆ ತಿರುಗಿಸಿ ಹಿಂದೆ ನೋಡಿದರೆ ಹೊಸ್ತಿಲ ಮೇಲೆ ಸಾಹೇಬರು. ಅವರ ಹಿಂದೆ ಕಿತ್ತಳೆ ಹಣ್ಣಿನ ಚೀಲ ಹಿಡಿದ ಮೈಕಣ್ಣ, ಅವನ ಹಿಂದೆ ದಾರಿ ತೋರಿಸಲು ಬಂದ ಹೆಡ್ಮಾಸ್ತರು.

 ಪರದೆಯ ಮೇಲೆ ಶಪಥಪ್ಪನ ಲಾರಿ ಕಮರಿಗೆ ಬಿದ್ದ ಸದ್ದು ಕೇಳಿಸಿತು.

"ಕೈಗೆ ಗುಣ ಕಾಣ್ತಾ ಇದೆ," ಎಂದರು ಸಾಹೇಬರು. "ಸುಳ್ಳು ಹೇಳಿ ರಜೆ ತಗೊಂಡು ಮನೇಲಿ ಆಟ ಆಡೋರಿದ್ದಾರೆ ಅಂತ ಕೇಳಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆ. ಅದು ಯಾರ ಮೇಲೆ ಹುಟ್ಟಿತೋ ಗೊತ್ತಿಲ್ಲ. ಆದರೆ ಶಪಥಪ್ಪನ ಬಲಗೈ ಆ ಕ್ಷಣದಲ್ಲಿ ನಿಜವಾಗಿಯೂ ಎಡ ಹೆಗಲಿಗೆ ಹೋಯಿತು. ಹೋದದ್ದು ಅಲ್ಲೇ ಪಂಜವಾಯಿತು.

ಅವನನ್ನು ಕಾಪಾಡಿದವರು ಅತ್ತೆ. ಗೋಡೆ ಹಿಡಿದು ಎದ್ದು ನಿಂತು, "ಬನ್ನಿ, ಬನ್ನಿ, ಕೂತ್ಕೊಳ್ಳಿ. ಅಳಿಯಂದ್ರ ಕೈಗೆ ವ್ಯಾಯಾಮ ಮಾಡಿಸ್ತಾ ಇದ್ದೆ. ನನ್ನ ಮಂಡಿಗೂ ಹೀಗೇ, ಆಡಿಸಿ ಆಡಿಸಿ ತಾನೇ ಸರಿ ಮಾಡಿದ್ದು," ಎಂದರು.

"ವ್ಯಾಯಾಮವೇ?"

"ಮತ್ತೇನು? ಎಷ್ಟು ಸುಧಾರಿಸಿದೆ ಅಂತ ನಿಮ್ಮ ಮುಂದೇನೇ ನೋಡೋಣ. ಅವರೊಂದು ಆಟ ಆಡಲಿ, ನಾನೊಂದು ಆಡ್ತೀನಿ. ಈ ವಯಸ್ಸಿನ ಮುದುಕಿಗಿಂತ ಮುಂದೆ ಬಂದ್ರೆ ಕೈ ನೆಟ್ಟಗಾಗಿದೆ ಅಂತ ಲೆಕ್ಕ. ಹಿಂದೆ ಬಿದ್ದರೆ ಪಾಪ, ಇನ್ನೂ ವಾಸಿ ಆಗಿಲ್ಲ ಅಂತ."

ಸಾಹೇಬರಿಗೆ ಅದು ನ್ಯಾಯವಾಗಿ ಕಂಡಿತು. ಕುರ್ಚಿ ಎಳೆದು ಕೂತರು. ಅತ್ತೆ ಅಳಿಯನ ಕಿವಿಯ ಬಳಿ ಬಗ್ಗಿ, "ದಮ್ಮಯ್ಯ, ಇದೊಂದು ಸಲ ಸೋತುಬಿಡಿ," ಎಂದರು. ಬಾಗಿಲ ಸಂದಿಯಿಂದ ಹೆಂಡತಿಯೂ ಕಣ್ಣಲ್ಲೇ ಅದನ್ನೇ ಹೇಳಿದಳು.

ಸೋಲುವುದೇನು ದೊಡ್ಡ ಕೆಲಸ, ದಿನಾ ಮಾಡುತ್ತಿದ್ದದ್ದೇ ಎಂದುಕೊಂಡು ಶಪಥಪ್ಪ ಮೌಸು ಹಿಡಿದ. ಮೊದಲನೇ ತಿರುವಿನಲ್ಲಿ ಬೇಕೆಂದೇ ಒಂದು ಕೋತಿಯನ್ನು ಬಿಟ್ಟ. ಅದು ಕಾಯಿ ಎತ್ತಿಕೊಂಡು, ಅವನನ್ನೇ ನೋಡಿ ಹಲ್ಲು ಕಿರಿಯಿತು.

ಅಷ್ಟೇ. ಆಮೇಲೆ ಸಾಹೇಬರಿಲ್ಲ, ಕೆಲಸವಿಲ್ಲ, ಹೆಂಡತಿಯ ಕಣ್ಣಿಲ್ಲ. ಮೌಸು ಅಂಗೈಗೆ ಅಂಟಿಕೊಂಡಂತೆ ಕೂತಿತ್ತು. ಎಡಗೈಯ ಬೆರಳುಗಳು ಕೀಬೋರ್ಡಿನ ಮೇಲೆ ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಕೋತಿ ಮೇಲಿಂದ ಬಂದರೆ ಮೇಲೆ, ಕೆಳಗಿಂದ ಬಂದರೆ ಕೆಳಗೆ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಲಾರಿ ಸಂತೆ ಸೇರಿದಾಗ ಆ ಕೋತಿ ಕದ್ದ ಒಂದೇ ಒಂದು ಕಾಯಿ ಬಿಟ್ಟು ಮಿಕ್ಕದ್ದೆಲ್ಲ ಮೇಲೇ ಇತ್ತು.

ಸಾಹೇಬರ ಹುಬ್ಬು ಏರಿತು. ಮೈಕಣ್ಣನ ಕೈಯಿಂದ ಒಂದು ಕಿತ್ತಳೆ ಉರುಳಿತು. ಹೆಡ್ಮಾಸ್ತರು, "ಭೇಷ್," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು.

ಅತ್ತೆ ಸೆರಗು ಸಿಕ್ಕಿಸಿ, ಕನ್ನಡಕ ಒರೆಸಿ ಹಾಕಿಕೊಂಡು, ಹಳೇ ಮೌಸು ಚುಚ್ಚಿದರು. ಅಳಿಯನ ಕೆಲಸ ಉಳಿಯಬೇಕಾದರೆ ಒಂದು ಕಾಯಿಯನ್ನೂ ಕಳೆದುಕೊಳ್ಳದೆ ಘಟ್ಟ ಇಳಿಯಬೇಕು. ಅಲ್ಲಿಯವರೆಗೆ ಅವರೂ ಹಾಗೆ ಇಳಿಸಿರಲಿಲ್ಲ. ತುಟಿ ಬಿಗಿಹಿಡಿದು ಆಡಿದರು. ಕೊನೆಯ ತಿರುವಿನಲ್ಲಿ ದೊಡ್ಡ ಕೋತಿ ಕಾಯಿಯೊಂದನ್ನು ಎತ್ತಿ ಹಿಡಿದೇಬಿಟ್ಟಿತು. ಅದು ಹಾರುವಷ್ಟರಲ್ಲಿ ಅತ್ತೆಯ ಬೆರಳು ಟಕ್ ಎಂದಿತು. ಕಾಯಿ ಮತ್ತೆ ಲಾರಿಗೇ ಬಿತ್ತು.

"ಪೂರ್ತಿ ಲಾರಿ!" ಎಂದು ಮೈಕಣ್ಣ ಕೂಗಿದ್ದು ಆಚೆ ಬೀದಿಗೂ ಕೇಳಿಸಿತು. "ನೋಡಿ ಸಾರ್! ಮಂಡಿ ಆಪರೇಷನ್ ಆದ ಮುದುಕಮ್ಮನಿಗಿಂತ ನಮ್ಮಣ್ಣ ಹಿಂದೆ! ಇನ್ನೇನು ಸಾಕ್ಷಿ ಬೇಕು?"

ಸಾಹೇಬರು ಎದ್ದು, ಶಪಥಪ್ಪನ ಭುಜದ ಮೇಲೆ ಕೈಯಿಟ್ಟರು. ದನಿ ಮೆತ್ತಗಾಗಿತ್ತು. "ಅನುಮಾನ ಪಟ್ಟಿದ್ದು ತಪ್ಪಾಯ್ತು. ಪ್ರಯತ್ನ ಮಾಡ್ತಾ ಇದ್ದೀರಿ, ಆದ್ರೆ ಕೈಯಲ್ಲಿ ಇನ್ನೂ ಶಕ್ತಿ ಬಂದಿಲ್ಲ. ರಜೆ ಮುಂದುವರಿಸಿ."

ಎಲ್ಲವೂ ಸುಖವಾಗಿ ಮುಗಿದಿತ್ತು. ತಲೆ ತಗ್ಗಿಸಿ "ಹೂಂ" ಎಂದಿದ್ದರೆ ಸಾಕಿತ್ತು. ಆದರೆ ಶಪಥಪ್ಪ ಪರದೆಯನ್ನೇ ನೋಡುತ್ತಿದ್ದ.

"ಒಂದೇ ಒಂದು ಕಾಯಿ," ಎಂದ.

"ರೀ," ಎಂದಳು ಹೆಂಡತಿ ಬಾಗಿಲ ಸಂದಿಯಿಂದ.

"ಒಂದೇ ಒಂದು! ಅದೂ ನಾನೇ ಬೇಕೂಂತ ಬಿಟ್ಟಿದ್ದು! ಯಾರ್ರೀ ಹೇಳಿದ್ದು ನನ್ನ ಕೈಯಲ್ಲಿ ಶಕ್ತಿ ಇಲ್ಲ ಅಂತ?" ಎರಡೂ ಕೈಯಿಂದ ಮೇಜು ಗುದ್ದಿದ. "ನನ್ನ ಕೈಗೆ ಏನೂ ಆಗಿಲ್ಲ! ಯಾವತ್ತೂ ಏನೂ ಆಗಿರಲಿಲ್ಲ! ಮೌಸು ಆರಿಸೋಕೆ ಹಿಡಿತ ಅಭ್ಯಾಸ ಮಾಡ್ತಿದ್ದೆ, ಅಷ್ಟೇ! ಅತ್ತೆ, ಕೂತ್ಕೊಳ್ಳಿ. ಇನ್ನೊಂದು ಆಟ!"

ಹೀಗೆ ಆ ಮನೆಯಲ್ಲಿ ಸತ್ಯ ಹೊರಬಿತ್ತು. ಸತ್ಯಕ್ಕಾಗಿ ಅಲ್ಲ, ಒಂದು ಕುಂಬಳಕಾಯಿಗಾಗಿ.

ಹೆಡ್ಮಾಸ್ತರು ಮೊದಲು ಚೇತರಿಸಿಕೊಂಡರು. "ನನಗೆ ಮೊದಲೇ ಸಂಶಯ ಇತ್ತು," ಎಂದರು. ಮೈಕಣ್ಣ ಹಣ್ಣಿನ ಚೀಲದೊಳಗೆ ಮುಖ ಹುದುಗಿಸುವಷ್ಟು ತಲೆ ತಗ್ಗಿಸಿ, "ಅಣ್ಣಾ, ನಿನ್ನ ಕೈ ಮೇಲೆ ಆಣೆ ಇಟ್ಟಿದ್ನಲ್ಲೋ," ಎಂದ. ಪಾಪ, ಅವನ ಬಾಯಲ್ಲಿ ಆ ಮಾತು ಪಿಸುಮಾತಾಗಿಯೇ ಬಂತು. 

"ರಜೆ ನಿಮ್ಮ ಗಳಿಕೆ ರಜೆಯಲ್ಲಿ ಕಡಿತ ಆಗುತ್ತೆ," ಎಂದರು ಸಾಹೇಬರು. "ನಾಳೆ ಬೆಳಿಗ್ಗೆ ಬಂದು, ಇದೇ ಮಾತನ್ನ ಎಲ್ಲರ ಮುಂದೆ ನಿಂತು ಹೇಳಬೇಕು. ಇದೇ ದನೀಲಿ."

ಅದೇ ದನಿಯಲ್ಲಿ ಹೇಳಲಾಗಲಿಲ್ಲ. ಸೋಮವಾರ ವಿಭಾಗದ ನಡುವೆ ನಿಂತು, ತಡವರಿಸುತ್ತ ಹೇಳಿದ. ಕೆಲವರು ನಕ್ಕರು. ಬಿಲ್ಲಿನವನು, "ಅತ್ತೆಗೆ ಸೋತ್ಯಾ?" ಎಂದು ಎರಡು ಸಲ ಕೇಳಿದ. ಟೈಪಿಸ್ಟಮ್ಮ ಮಾತ್ರ ನಗಲಿಲ್ಲ.

"ನನ್ನ ನೋವು ನಿಜವಾದದ್ದು," ಎಂದರು. "ವರ್ಷಗಟ್ಟಲೆ ನನ್ನನ್ನ ಯಾರೂ ಕೇಳಲಿಲ್ಲ. ನಿಮ್ಮ ಸುಳ್ಳು ಕೈ ನೋಡೋಕೆ ಎಲ್ಲರೂ ಓಡಿಬಂದರು."

ಶಪಥಪ್ಪನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವನು ಮೈಕಣ್ಣನ ಕಡೆ ತಿರುಗಿದ. "ಧರಣಿ ನಿಲ್ಲಿಸಬೇಡ. ನಾನೂ ಕೂರ್ತೀನಿ. ಇವರ ಕೈಗೆ ಸರಿಯಾದ್ದು ಬರೋ ತನಕ ಏಳಲ್ಲ." ಶಪಥ ಎಂಬ ಮಾತನ್ನು ಅವನು ಬಳಸಲಿಲ್ಲ. ಎಲ್ಲರಿಗೂ ಅದು ಗಮನಕ್ಕೆ ಬಂತು.

ಮೈಕಣ್ಣನ ಕಂಠ ವಾಪಸ್ಸು ಬಂತು. "ಒಂದು ಕೈ ಸುಳ್ಳು ಸಾರ್! ಮಿಕ್ಕ ಕೈಗಳೆಲ್ಲ ನಿಜ!"

ಸಾಹೇಬರು ಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದರು. ಧರಣಿ ಮಧ್ಯಾಹ್ನದ ಊಟದವರೆಗೂ ನಡೆಯಲಿಲ್ಲ, ಅಷ್ಟರಲ್ಲೇ ಅವರು ಒಪ್ಪಿಬಿಟ್ಟರು. ಎಲ್ಲರಿಗೂ ಕೈಗೆ ಕೂರುವಂಥದ್ದು ಕೊಡಿಸುವ ಕೆಲಸ ಶಪಥಪ್ಪನಿಗೇ ಬಿತ್ತು. ಒಬ್ಬೊಬ್ಬರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಕೈ ಹಾಸಿ ನೋಡಿಸಿ, ಸಣ್ಣ ಕೈಗೆ ಸಣ್ಣದು, ದೊಡ್ಡ ಕೈಗೆ ದೊಡ್ಡದು ಕೊಡಿಸಿದ. ರವಾನೆ ವಿಭಾಗದವನು ಎಡಚ, ಅವನಿಗೆ ಎರಡೂ ಕಡೆ ಒಂದೇ ಆಕಾರ ಇರುವುದು ಬಂತು. ಟೈಪಿಸ್ಟಮ್ಮನಿಗೆ ಕೈ ಕುಲುಕುವ ಭಂಗಿಯಲ್ಲಿ ನೆಟ್ಟಗೆ ಹಿಡಿಯುವಂಥ ಮೌಸು ಸಿಕ್ಕಿತು. ಅವರು ಅದನ್ನು ಹಿಡಿದು, ಮಣಿಕಟ್ಟನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡರು. ಆಮೇಲೆ ಶಪಥಪ್ಪನ ಕಡೆ ನೋಡಿ ತಲೆಯಾಡಿಸಿದರು. ಅಷ್ಟು ಸಾಕಾಯಿತು ಅವನಿಗೆ. ಕಟ್ಟಕಡೆಗೆ ಒಂದು ಸಂಜೆ ಸಾಹೇಬರೂ ಅಂಗಡಿಗೆ ಬಂದರು. "ನನಗೇನೂ ಬೇಡ, ಸುಮ್ಮನೆ ನೋಡೋಕೆ ಬಂದೆ," ಎಂದವರು ಮುಚ್ಚುವ ಹೊತ್ತಿನವರೆಗೂ ಹೋಗಲಿಲ್ಲ.

ಇಷ್ಟರಲ್ಲಿ ಅತ್ತೆಯ ಮಂಡಿ ವಾಸಿಯಾಯಿತು. ಕರೆದುಕೊಂಡು ಹೋಗಲು ಅವರ ಮಗ, ಅಂದರೆ ಶಪಥಪ್ಪನ ಭಾವಮೈದ, ಕಾರು ತಂದು ಮನೆ ಮುಂದೆ ನಿಲ್ಲಿಸಿದ. ಪೆಟ್ಟಿಗೆ ಹೊರಗೆ ಬಂತು. ಅತ್ತೆ ಚಪ್ಪಲಿ ಮೆಟ್ಟಿಕೊಂಡರು. ಶಪಥಪ್ಪ ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ಅಡ್ಡ ನಿಂತ.

"ಹೋಗಬೇಡಿ ಅತ್ತೆ."

"ಅಯ್ಯೋ, ಬಿಡಿ ಅಳಿಯಂದ್ರೇ. ಎಷ್ಟು ದಿನ ಅಂತ ನಿಮ್ಮ ಮೇಲೆ ಭಾರ?"

"ಯಾರು ಹೇಳಿದ್ದು ಭಾರ ಅಂತ? ನೀವು ಹೀಗೆ ಬಿಟ್ಟು ಹೋದ್ರೆ ನಾನು ಹ್ಯಾಗೆ ಬಾಳೋದು?"

ಗೇಟಿನ ಬಳಿ ಹೆಡ್ಮಾಸ್ತರು ಕುರ್ಚಿಯಿಂದ ಎದ್ದರು. ತರಕಾರಿಯವಳು ತಕ್ಕಡಿ ಕೆಳಗಿಟ್ಟಳು. "ಇಂಥ ಅಳಿಯ ಏಳೇಳು ಜನ್ಮಕ್ಕೂ ಸಿಗಲ್ಲ," ಎಂದು ಒಬ್ಬರು ಮೂಗು ಸೀಟಿದರು. ಹೆಡ್ಮಾಸ್ತರು ಆಗಲೇ ಫೋನು ಕೈಗೆತ್ತಿಕೊಂಡಿದ್ದರು.

ಅತ್ತೆ ಅಳಿಯನ ಮುಖ ನೋಡಿದರು. ನಿಧಾನವಾಗಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಂಪ್ಯೂಟರ್ ಹಾಕಿದರು.

ಭಾವಮೈದನಿಗೆ ಏನೂ ಅರ್ಥವಾಗಲಿಲ್ಲ. ಕಾರಿನ ಬೀಗದ ಕೈ ತಿರುಗಿಸುತ್ತ ಅಕ್ಕನನ್ನು ಕೇಳಿದ. "ಒಂದು ಆಟ ಅಂತಾರೆ. ಎಷ್ಟು ಹೊತ್ತು ಆಗುತ್ತಕ್ಕಾ?"

"ಅಮ್ಮ ಸೋಲೋ ತನಕ," ಎಂದು ಅವಳು ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟಳು. "ನೀನು ಬದಲಾಯಿಸೋಕೆ ಬಟ್ಟೆ ತಂದಿದ್ದೀಯೇನೋ?"